ಗಿಟಾರ್ ನುಡಿಸಿದವರ ಹೆಸರನ್ನೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಪಾಶ್ಚಾತ್ಯ ಗಿಟಾರ್ ವಾದಕರ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯಲ್ಲಿ ಇಡೀ ಪುಟ ಸಿಕ್ಕಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಅದರಲ್ಲಿದ್ದವರೆಲ್ಲ ವೇಗಕ್ಕೆ ಹೆಸರಾದವರು, ಹಾಡನ್ನು ನಿಲ್ಲಿಸಿ ಉದ್ದುದ್ದ ಸೋಲೋ, ಅಂದರೆ ಒಂಟಿ ಗಿಟಾರ್ ವಾದನ, ಬಾರಿಸಿದವರು. ನಾನು ಮೈಸೂರಿನಲ್ಲಿ ಹದಿನೆಂಟು ವರ್ಷದಿಂದ ಗಿಟಾರ್ ಪಾಠ ಹೇಳುತ್ತಿದ್ದೇನೆ. ಹೊಸದಾಗಿ ಸೇರಿದ ಹುಡುಗರು ಎರಡನೇ ವಾರಕ್ಕೇ 'ಸರ್, ಸೋಲೋ ಯಾವಾಗ ಹೇಳಿಕೊಡ್ತೀರಿ?' ಅಂತ ಕೇಳುತ್ತಾರೆ. ಅವರಿಗೆ ನಾನು ಮೊದಲು ಕೇಳಿಸುವುದು ಜಾನ್ ಮೆಕ್‌ಗಿಯೋಕ್ ನುಡಿಸಿದ್ದನ್ನು. ನಿಮ್ಮ ಪುಟದಲ್ಲಿ ಅವರ ಹೆಸರೇ ಇರಲಿಲ್ಲ. ಅದಕ್ಕೇ ಈ ಪತ್ರ.

2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ನಾಲ್ಕನೇ ಸೀಸನ್ನಿನ ಕೊನೆಗೆ ಒಂದು ಹಾಡು ಬಂತು, ನಿಮ್ಮ ಓದುಗರಲ್ಲಿ ಅನೇಕರು ಕೇಳಿರುತ್ತಾರೆ. ಹಾಡಿನ ಹೆಸರು 'ಸ್ಪೆಲ್‌ಬೌಂಡ್'. ಹಾಡಿದ್ದು ಸೂಸಿ ಸೂ, ತಂಡ ಸೂಸಿ ಅಂಡ್ ದ ಬ್ಯಾನ್ಶೀಸ್, ವರ್ಷ 1981. ನನ್ನ ಶಿಷ್ಯೆ ಒಬ್ಬಳು ಅದನ್ನು ಮೊಬೈಲಿನಲ್ಲಿ ಕೇಳಿಸಿ, 'ಇದರಲ್ಲಿ ಎಷ್ಟು ಗಿಟಾರ್ ಇವೆ ಸರ್?' ಅಂದಳು. ಒಳ್ಳೆಯ ಪ್ರಶ್ನೆ ಅಲ್ವಾ? ಶುರುವಿನಲ್ಲಿ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ ಸುಳಿಯಂಥ ಒಂದು ಸಾಲು ಬರುತ್ತದೆ, ಆಮೇಲೆ ಅಕೂಸ್ಟಿಕ್ ಗಿಟಾರ್ ಕುದುರೆ ಓಡಿದ ಹಾಗೆ ಓಡುತ್ತದೆ, ಎರಡೂ ಒಂದರೊಳಗೊಂದು ಹೆಣೆದುಕೊಂಡು ಹಾಡನ್ನು ಎಳೆದುಕೊಂಡು ಹೋಗುತ್ತವೆ. ಸೋಲೋ ಅಂತ ಬೇರೆ ಮಾಡಿ ತೋರಿಸುವಂಥದ್ದು ಏನೂ ಇಲ್ಲ. ಆದರೆ ಆ ಗಿಟಾರ್ ತೆಗೆದುಬಿಟ್ಟರೆ ಹಾಡೇ ಉಳಿಯುವುದಿಲ್ಲ. ಅದನ್ನು ನುಡಿಸಿದವರು ಮೆಕ್‌ಗಿಯೋಕ್.

ಅವರು ಹುಟ್ಟಿದ್ದು 1955ರಲ್ಲಿ, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ಮ್ಯಾಂಚೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಚಿತ್ರಕಲೆ ಓದಲು ಹೋದರು. ಆಗ ಪಂಕ್ ಅನ್ನುವ ಒರಟು, ಸರಳ ರಾಕ್ ಸಂಗೀತದ ಕಾಲ. ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು, ವೇದಿಕೆ ಹತ್ತಿ ಅನ್ನುವ ಧೈರ್ಯ. ಆ ಧೈರ್ಯ ಇಟ್ಟುಕೊಂಡೇ ಮೂರು ಕಾರ್ಡಿನ ಆಚೆಗೆ ಹೊರಟವರನ್ನು ಆಮೇಲೆ ಪೋಸ್ಟ್ ಪಂಕ್ ಅಂತ ಕರೆದರು. ಬಜ್‌ಕಾಕ್ಸ್ ಎಂಬ ಪಂಕ್ ತಂಡ ಬಿಟ್ಟು ಬಂದ ಗಾಯಕ ಹವರ್ಡ್ ಡಿವೋಟೊ 1977ರಲ್ಲಿ ಹೊಸ ತಂಡ ಕಟ್ಟಲು ಗಿಟಾರ್ ನುಡಿಸುವವರನ್ನು ಹುಡುಕುತ್ತಿದ್ದರು. ಮೆಕ್‌ಗಿಯೋಕ್ ಅವರ ಜೊತೆ ಒಂದೇ ಮನೆಯಲ್ಲಿದ್ದ ಡಿಸೈನರ್ ಮಾಲ್ಕಮ್ ಗ್ಯಾರೆಟ್ ಇಬ್ಬರಿಗೂ ಪರಿಚಯ ಮಾಡಿಸಿದರು. ಹಾಗೆ ಹುಟ್ಟಿದ್ದು ಮ್ಯಾಗಜೀನ್ ತಂಡ. 1978ರ ಅವರ ಮೊದಲ ಹಾಡು 'ಶಾಟ್ ಬೈ ಬೋತ್ ಸೈಡ್ಸ್' ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಅದರ ಮೂಲ ಗಿಟಾರ್ ಸಾಲು ಬಜ್‌ಕಾಕ್ಸ್‌ನ ಪೀಟ್ ಶೆಲ್ಲಿ ಕೊಟ್ಟಿದ್ದು, ಅದನ್ನು ಹೇಳಲೇಬೇಕು. ಅದಕ್ಕೆ ಅಷ್ಟು ಹರಿತ ಬಂದದ್ದು ಮಾತ್ರ ಮೆಕ್‌ಗಿಯೋಕ್ ಕೈಯಲ್ಲಿ. ಆ ತಂಡದಲ್ಲಿ ಅವರು ಸ್ಯಾಕ್ಸೋಫೋನ್ ಕೂಡ ಊದಿದ್ದಾರೆ.

ಮ್ಯಾಗಜೀನ್ ಜೊತೆ ಮೂರು ಆಲ್ಬಮ್ ಮಾಡಿ 1980ರಲ್ಲಿ ಹೊರಗೆ ಬಂದರು. ಅಷ್ಟರಲ್ಲೇ ಬ್ಯಾನ್ಶೀಸ್ ಜೊತೆ ನುಡಿಸಲು ಶುರು ಮಾಡಿದ್ದರು. 1979ರಲ್ಲಿ ಬ್ಯಾನ್ಶೀಸ್‌ನ ಗಿಟಾರ್ ವಾದಕ ಮತ್ತು ಡ್ರಮ್ಮರ್ ಇಬ್ಬರೂ ಪ್ರವಾಸದ ನಡುವೆಯೇ ತಂಡ ಬಿಟ್ಟು ಹೋಗಿದ್ದರು. ಮುರಿದು ಬೀಳಬೇಕಿದ್ದ ಆ ತಂಡ ಮೆಕ್‌ಗಿಯೋಕ್ ಬಂದ ಮೇಲೆ ಎರಡು-ಮೂರು ವರ್ಷದಲ್ಲಿ 'ಕೆಲೈಡೋಸ್ಕೋಪ್', 'ಜೂಜು', 'ಎ ಕಿಸ್ ಇನ್ ದ ಡ್ರೀಮ್‌ಹೌಸ್' ಅಂತ ಮೂರು ಆಲ್ಬಮ್ ಮಾಡಿತು. ನನ್ನ ಪ್ರಕಾರ ಅವರ ಕೆಲಸದಲ್ಲೆಲ್ಲ ಮೇಲು 'ಜೂಜು'. ತಮ್ಮ ತಂಡಕ್ಕೆ ಬಂದ ಗಿಟಾರ್ ವಾದಕರಲ್ಲಿ ಇವರಷ್ಟು ಹೊಸದನ್ನು ಕೊಟ್ಟವರು ಬೇರೆ ಇಲ್ಲ ಎಂದು ಸೂಸಿಯವರೇ ಹೇಳಿದ್ದಾರೆ.

ಅವರ ನಾದದ ಬಗ್ಗೆ ಒಂದು ಮಾತು. ಯಮಹಾ ಎಸ್‌ಜಿ 1000 ಗಿಟಾರ್, ಜೊತೆಗೆ ಎಂಎಕ್ಸ್ಆರ್ ಕಂಪನಿಯ ಫ್ಲ್ಯಾಂಜರ್. ಫ್ಲ್ಯಾಂಜರ್ ಅಂದರೆ ಒಂದು ಪುಟ್ಟ ಡಬ್ಬಿ. ಗಿಟಾರಿನ ನಾದವನ್ನು ಎರಡು ಮಾಡಿ, ಒಂದನ್ನು ಕೂದಲೆಳೆಯಷ್ಟು ತಡವಾಗಿ ಬಿಡುತ್ತದೆ, ಆ ತಡವನ್ನೂ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ, ಅದರಿಂದ ನಾದ ಗಿರಗಿರನೆ ಸುತ್ತಿದ ಹಾಗೆ ಕೇಳಿಸುತ್ತದೆ. ಎಲ್ಲರೂ ಅದನ್ನು ಕಾಲ ಬಳಿ ನೆಲದ ಮೇಲೆ ಇಟ್ಟುಕೊಂಡರೆ ಇವರು ಮೈಕ್ ಸ್ಟ್ಯಾಂಡಿಗೆ ಕಟ್ಟಿಕೊಂಡಿದ್ದರು, ನುಡಿಸುತ್ತಲೇ ಕೈಯಿಂದ ತಿರುವಲು ಆಗಲಿ ಅಂತ. ಆ ಡಬ್ಬಿಯನ್ನೂ ಒಂದು ವಾದ್ಯದಂತೆ ಕಂಡವರು ಅವರು. ಡಬ್ಬಿ ಇಟ್ಟುಕೊಂಡು ಸುಮ್ನೆ ಸದ್ದು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇವರು ಹಾಡಿಗೆ ಬೇಕಾದಷ್ಟೇ ನುಡಿಸಿ ಕೈ ಎತ್ತುತ್ತಿದ್ದರು. ಬಿಟ್ಟ ಜಾಗವೂ ಕೇಳಿಸುತ್ತದೆ. ದ ಸ್ಮಿತ್ಸ್‌ನ ಜಾನಿ ಮಾರ್, ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಜಾನ್ ಫ್ರುಶಾಂಟೆ ಇಬ್ಬರೂ ಇವರಿಂದ ಕಲಿತೆವು ಅಂತ ಬಾಯಿ ತುಂಬಾ ಹೇಳಿದವರು. ಫ್ರುಶಾಂಟೆ ಹೆಸರು ಗೊತ್ತಿರುವ ಹುಡುಗರು ನನ್ನ ತರಗತಿಯಲ್ಲೇ ಜಾಸ್ತಿ ಇದ್ದಾರೆ. ಫ್ರುಶಾಂಟೆ ಕಲಿತದ್ದು ಯಾರಿಂದ ಅಂತ ಸೇರುವಾಗಲೇ ಗೊತ್ತಿದ್ದವರು ಒಬ್ಬರೂ ಇಲ್ಲ.

ಬದುಕು ಅಷ್ಟು ಸುಗಮವಾಗಿ ಸಾಗಲಿಲ್ಲ. ಬಿಡುವಿಲ್ಲದ ಕೆಲಸ, ಒತ್ತಡ, ಕುಡಿತ ಎಲ್ಲ ಸೇರಿ 1982ರಲ್ಲಿ ಮ್ಯಾಡ್ರಿಡ್ಡಿನ ಸಂಗೀತ ಕಛೇರಿಯಲ್ಲಿ ಕುಸಿದುಹೋದರು. ಬ್ಯಾನ್ಶೀಸ್ ನಂಟು ಅಲ್ಲಿಗೆ ಮುಗಿಯಿತು. ಅವರ ಜಾಗಕ್ಕೆ ದ ಕ್ಯೂರ್‌ನ ರಾಬರ್ಟ್ ಸ್ಮಿತ್ ಬಂದರು. 1986ರಿಂದ 1992ರವರೆಗೆ ಗಾಯಕ ಜಾನ್ ಲೈಡನ್ ಅವರ ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡದಲ್ಲಿ ನುಡಿಸಿದರು. ಆ ಮೊದಲ ವರ್ಷವೇ ವಿಯೆನ್ನಾದಲ್ಲಿ ಪ್ರೇಕ್ಷಕರೊಬ್ಬರು ಎಸೆದ ಬಾಟಲಿ ತಾಗಿ ಮುಖಕ್ಕೆ ಗಾಯವಾಗಿ ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಆದರೂ ಆರು ವರ್ಷ ನುಡಿಸಿದರು.

ಆಮೇಲೆ ಮಾಡಿದ್ದನ್ನು ನನ್ನ ಶಿಷ್ಯರಿಗೆ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. 1990ರ ದಶಕದಲ್ಲಿ ಅವರು ನರ್ಸಿಂಗ್ ತರಬೇತಿ ಪಡೆದು ರೋಗಿಗಳ ಆರೈಕೆಗೆ ನಿಂತರು. ಇಷ್ಟು ಜನ ಗುರು ಅಂತ ಕರೆಯುವ ಮನುಷ್ಯ ನರ್ಸ್ ಆದರು ನೋಡಿ. 2004ರ ಮಾರ್ಚ್ 4ರಂದು ನಿದ್ದೆಯಲ್ಲೇ ತೀರಿಕೊಂಡರು, ಮೂರ್ಛೆ ರೋಗ ತಂದ ದಿಢೀರ್ ಸಾವು. 48 ವರ್ಷ ಅಷ್ಟೇ. ನಾಲ್ಕು ವರ್ಷದ ನಂತರ, 2008ರಲ್ಲಿ ಬಿಬಿಸಿ ರೇಡಿಯೋ 2 ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರದಂಥ ಕಾರ್ಯಕ್ರಮ ಮಾಡಿತು.

ಈಗ ನನ್ನ ಕೋರಿಕೆ. ನಮ್ಮ ಊರಿನ ರಾಮೋತ್ಸವದ ಆಮಂತ್ರಣ ಪತ್ರಿಕೆ ನೋಡಿ. ಹಾಡುವವರ ಹೆಸರಿನ ಕೆಳಗೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಅಂತ ಇದ್ದೇ ಇರುತ್ತದೆ. ನಿಮ್ಮ ಪತ್ರಿಕೆಯ ಕಛೇರಿ ವಿಮರ್ಶೆಯಲ್ಲೂ ಪಕ್ಕವಾದ್ಯದವರಿಗೆ ಒಂದೆರಡು ಸಾಲು ತಪ್ಪುವುದಿಲ್ಲ. ಅದೇ ಮರ್ಯಾದೆ ಬೇರೆ ಸಂಗೀತಕ್ಕೂ ಸಿಗಲಿ. ಸಿನಿಮಾ ಹಾಡಿರಲಿ, ರಾಕ್ ಇರಲಿ, ಹಾಡಿದವರ ಜೊತೆ ನುಡಿಸಿದವರ ಹೆಸರನ್ನೂ ಹುಡುಕಿ ಹಾಕಿ. ಗಿಟಾರ್ ಬಗ್ಗೆ ಮತ್ತೆ ಪುಟ ಮಾಡಿದಾಗ ಮೆಕ್‌ಗಿಯೋಕ್ ಅವರಿಗೆ ಅರ್ಧ ಕಾಲಂ ಕೊಡಿ. ಆಗಸ್ಟ್ 25 ಅವರ ಹುಟ್ಟಿದ ದಿನ. ಬರೆಯುವವರು ಯಾರೂ ಸಿಗದಿದ್ದರೆ ನನಗೆ ತಿಳಿಸಿ, ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಒಬ್ಬ ಗಿಟಾರ್ ಮೇಷ್ಟ್ರು, ಮೈಸೂರು