ಕಾಣಿಯೂರು ರೈಲು ಮಾರ್ಗ: ಕರ್ನಾಟಕ ಉತ್ತರಿಸಲಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಿಂದ ಹೊರಟು ಪಾಣತ್ತೂರು, ಸುಳ್ಯಗಳ ಮೂಲಕ ಕಾಣಿಯೂರಿನಲ್ಲಿ ಮಂಗಳೂರು–ಹಾಸನ ಹಳಿಯನ್ನು ಕೂಡಬೇಕಾದ ಸುಮಾರು 91 ಕಿ.ಮೀ. ಉದ್ದದ ರೈಲು ಮಾರ್ಗದ ಸಮೀಕ್ಷೆ ಮುಗಿದು ವರ್ಷಗಳೇ ಕಳೆದಿವೆ. ಇದರಲ್ಲಿ 41 ಕಿ.ಮೀ. ಮಾತ್ರ ಕೇರಳದಲ್ಲಿದ್ದು, ಉಳಿದದ್ದು ಕರ್ನಾಟಕದ ನೆಲದಲ್ಲಿ ಸಾಗುತ್ತದೆ. ತನ್ನ ಭಾಗದ ವೆಚ್ಚದಲ್ಲಿ ಅರ್ಧವನ್ನು ಭರಿಸಲು ಕೇರಳ ಸರ್ಕಾರ ಹಿಂದೆಯೇ ಒಪ್ಪಿರುವುದರಿಂದ ಈಗ ಮಾತಾಡಬೇಕಾದದ್ದು ಬೆಂಗಳೂರಿನ ವಿಧಾನಸೌಧ.

ಈಗ ಕಾಞಂಗಾಡಿನಿಂದ ಬೆಂಗಳೂರಿಗೆ ಮಂಗಳೂರು–ಹಾಸನ ಹಳಿಯಲ್ಲಿ ಹೋಗುವವರು ಮೊದಲು ಉತ್ತರಕ್ಕೆ ಮಂಗಳೂರಿನವರೆಗೆ ಸಾಗಿ, ಅಲ್ಲಿಂದ ಬಂಟ್ವಾಳ, ಪುತ್ತೂರು ದಾರಿಯಾಗಿ ಸುತ್ತಿ ಬರಬೇಕು. ಹೊಸ ಮಾರ್ಗದಿಂದ ಈ ಸುತ್ತು ತಪ್ಪುವುದು ನಿಜವಾದರೂ, ಬೇಡಿಕೆಯನ್ನು ಅದೊಂದರ ಮೇಲೆಯೇ ನಿಲ್ಲಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾಣಿಯೂರು ಇರುವುದು ಘಟ್ಟದ ಕೆಳಗೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಏರಿನಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳ ನಡುವೆ ಇರುವುದು ಒಂದೇ ಹಳಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಅಲ್ಲಿನ ಸಾಮರ್ಥ್ಯ ಹೆಚ್ಚದೆ ದೂರದ ಗಾಡಿಗಳಿಗೆ ಎಡೆ ಸಿಗುವುದು ಕಷ್ಟ.

ಮಾರ್ಗದ ನಿಜವಾದ ಪ್ರಯೋಜನ ಘಟ್ಟದ ಕೆಳಗಿನ ಊರುಗಳಿಗೆ. 1907ರಲ್ಲಿ ಮಂಗಳೂರಿಗೆ ಹಳಿ ಮುಟ್ಟಿದಂದಿನಿಂದ ಇಂದಿನವರೆಗೂ ಕಾಸರಗೋಡು ಜಿಲ್ಲೆಯ ನಿಲ್ದಾಣಗಳೆಲ್ಲ ಕಡಲಿನ ಬದಿಗೇ ಇವೆ. ಒಳನಾಡಿನ ಬಂದಡ್ಕ, ರಾಜಪುರ, ಪಾಣತ್ತೂರಿನವರಿಗೆ ಬಸ್ಸೇ ಗತಿ. ತಾಲೂಕು ಕೇಂದ್ರವಾದ ಸುಳ್ಯಕ್ಕೆ ರೈಲಿಲ್ಲ. ಪಾಣತ್ತೂರಿಗೆ ತಾಗಿಕೊಂಡೇ ಇರುವ ಕರಿಕೆ ಸೇರಿದ ಕೊಡಗು ಜಿಲ್ಲೆಯಲ್ಲಂತೂ ಹಳಿಯೇ ಇಲ್ಲ. ಕನ್ನಡದ ಒಳನುಡಿಯಾದ ಅರೆಭಾಷೆಯನ್ನಾಡುವ ಬಂದಡ್ಕದ ಮನೆಗಳಿಗೆ ಸುಳ್ಯ ನೆಂಟರ ಊರು. ಮದುವೆಗೆ, ಮದ್ದಿಗೆ, ಮಕ್ಕಳ ಓದಿಗೆ ಗಡಿ ದಾಟುವುದು ಇಲ್ಲಿ ಹೊಸತೇನಲ್ಲ. ಹಗಲಿಗೆ ಎರಡು ಪ್ಯಾಸೆಂಜರ್ ಗಾಡಿ ಹೋಗಿ ಬಂದರೂ ಇಂಥವರಿಗೆ ದೊಡ್ಡ ಉಪಕಾರವಾದೀತು. ಆದರೆ ನಾವು ಮತ ಹಾಕುವುದು ಕೇರಳದಲ್ಲಿ, ನಿರ್ಧಾರ ಆಗಬೇಕಾದದ್ದು ಕರ್ನಾಟಕದಲ್ಲಿ.

ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಎಷ್ಟು ಕಾಡು, ಎಷ್ಟು ತೋಟ ಹೋಗುತ್ತದೆಂದು ಕೇಳುವುದು ನ್ಯಾಯವೇ. ಆ ಕಾರಣಕ್ಕೆ ಯೋಜನೆ ಬೇಡವೆಂದಾದರೆ ಕರ್ನಾಟಕ ಸರ್ಕಾರ ಅದನ್ನೂ ಲಿಖಿತವಾಗಿ ತಿಳಿಸಲಿ. ಬೇಕೆಂದಾದರೆ ಹಳಿ ಹಾದುಹೋಗುವ ಪಂಚಾಯತ್‌ಗಳಲ್ಲಿ ಸಮೀಕ್ಷೆಯ ನಕ್ಷೆಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಪ್ರಕಟಿಸುವಂತೆ ರೈಲ್ವೆಯನ್ನು ಒತ್ತಾಯಿಸಲಿ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ತನ್ನ ಜಾಗದ ಮೇಲೆ ಹಳಿ ಬರುತ್ತದೋ ಇಲ್ಲವೋ ಎಂಬುದು ಕೃಷಿಕನಿಗೆ ಗುಂಡಿ ತೋಡುವ ಮೊದಲೇ ತಿಳಿಯಬೇಕು.

– ಓರ್ವ ಓದುಗ, ಬಂದಡ್ಕ, ಕಾಸರಗೋಡು ಜಿಲ್ಲೆ