ಸರಾಸರಿಯ ಕಂಬ ನಂಬಬೇಡಿ

ಸಂಪಾದಕರೇ,

ಬೇರೆ ಬೇರೆ ಗುಂಪಿನ ಜನರ ಆದಾಯ ಹೋಲಿಸುವ ಬರಹಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಎರಡು ಗುಂಪು, ಎರಡು ಸರಾಸರಿ, ಎರಡು ಬಣ್ಣದ ಕಂಬ. ಎತ್ತರದ ಕಂಬದವರು ಅನುಕೂಲಸ್ಥರು ಅಂತ ತೀರ್ಮಾನ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು ನಾನು. ಆ ಕಂಬ ಕಂಡರೆ ಕೆಂಪು ಪೆನ್ನು ಹುಡುಕುತ್ತೇನೆ.

ತರಗತಿಯ ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕ ಇದು. ಮೊದಲ ಗುಂಪಿನ ಐವರ ಆದಾಯ 10, 12, 14, 16, 98. ಎರಡನೆಯದರದ್ದು 20, 22, 24, 26, 28. ಸರಾಸರಿ 30 ಮತ್ತು 24. ಮೊದಲ ಗುಂಪೇ ಮುಂದೆ, ಅಲ್ವಾ? ಆದರೆ ಅದರ ಐವರಲ್ಲಿ ನಾಲ್ವರ ಆದಾಯ ಎರಡನೇ ಗುಂಪಿನ ಕೊನೆಯವರಿಗಿಂತಲೂ ಕಡಿಮೆ. ಸಾಲಾಗಿ ನಿಲ್ಲಿಸಿ ಮಧ್ಯದವರನ್ನು ಕೇಳಿದರೆ 14 ಮತ್ತು 24. ಇದೇ ಮಧ್ಯಮಟ್ಟ.

ಹಾಗಂತ ಆ 98 ಅಳಿಸಬಾರದು. ಓದುವಾಗ ನಾನೇ ಆ ತಪ್ಪು ಮಾಡಿದ್ದೆ. ಸಮೀಕ್ಷೆಯ ಹಾಳೆಯಲ್ಲಿ ದೊಡ್ಡ ಅಂಕಿ ಕಂಡಲ್ಲೆಲ್ಲ, ಸೊನ್ನೆ ಒಂದು ಜಾಸ್ತಿ ಬಿದ್ದಿರಬೇಕು ಅಂದುಕೊಂಡು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ್ದೆ. ಗ್ರಾಫೇನೋ ಗಂಟೆಯ ಹಾಗೆ ಚೆಂದ ಬಂತು. ಮೇಷ್ಟ್ರು ನೋಡಿ, ‘ಶ್ರೀಮಂತರನ್ನೆಲ್ಲ ಎಲ್ಲಿಗೆ ಕಳಿಸಿದೆ?’ ಅಂದರು.

ಆದಾಯದ ಗ್ರಾಫಿಗೆ ಬಲಗಡೆ, ಅಂದರೆ ಹೆಚ್ಚು ಆದಾಯದ ಕಡೆ, ಕೆಲವೇ ಶ್ರೀಮಂತರ ಉದ್ದ ಬಾಲ ಇರುವುದೇ ಸಹಜ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಜಿಬ್ರಾ 1931ರಲ್ಲಿ ತೋರಿಸಿದಂತೆ, ಆದಾಯದ ಲಾಗರಿದಮ್ (10, 100, 1000 ಅನ್ನುವ ಹತ್ತು ಪಟ್ಟಿನ ಜಿಗಿತಗಳನ್ನು 1, 2, 3 ಆಗಿಸುವ ಲೆಕ್ಕ) ತೆಗೆದರೆ ಬಹುಪಾಲು ಜನ ಗಂಟೆಯಾಕಾರದೊಳಗೆ ಬಂದು ಕೂರುತ್ತಾರೆ. ತೀರಾ ಮೇಲಿನವರು ಅದಕ್ಕೂ ಬಗ್ಗುವುದಿಲ್ಲ. ಅವರಿಗೆ ಇಟಲಿಯ ಅರ್ಥಶಾಸ್ತ್ರಜ್ಞ ಪರೆಟೊ 1890ರ ದಶಕದಲ್ಲಿ ಕೊಟ್ಟ ಸೂತ್ರವೇ ಸರಿ.

ಗುಂಪುಗಳನ್ನು ಹೋಲಿಸುವಾಗ ಈ ಬಾಲ ಇನ್ನೊಂದು ಆಟ ಆಡುತ್ತದೆ. ಲಾಗ್ ಲೆಕ್ಕದಲ್ಲಿ ಎರಡೂ ಗುಂಪಿನ ಹರವು ಒಂದೇ, ಮಧ್ಯಮಟ್ಟ ಮಾತ್ರ ಕಾಲು ಪ್ರಮಾಣ ವಿಚಲನೆಯಷ್ಟು (ಹರವನ್ನು ಅಳೆಯುವ ಅಳತೆ ಅದು) ಆಚೀಚೆ ಅಂತಿಟ್ಟುಕೊಳ್ಳಿ. ಹಿಂದಿರುವ ಗುಂಪಿನ 100ರಲ್ಲಿ 40 ಮಂದಿ ಮುಂದಿನ ಗುಂಪಿನ ಮಧ್ಯಮಟ್ಟಕ್ಕಿಂತ ಮೇಲೇ ಇರುತ್ತಾರೆ. ಆದರೆ ಹಿಂದಿನವರ ಮಧ್ಯಮಟ್ಟದಿಂದ ಎರಡೂವರೆ ವಿಚಲನೆ ಮೇಲೆ ಗೆರೆ ಎಳೆದು ಎಣಿಸಿ: ಅವರ 10,000 ಜನರಲ್ಲಿ ಗೆರೆ ದಾಟಿದವರು 62, ಮುಂದಿನವರಲ್ಲಿ 122. ಹೆಚ್ಚುಕಡಿಮೆ ದುಪ್ಪಟ್ಟು! ಬರೀ ತುದಿ ನೋಡಿದವರು ‘ಇವರದ್ದೇ ದರ್ಬಾರು’ ಅಂತಾರೆ. ಬರೀ ನಡು ನೋಡಿದವರು ‘ಅಂಥಾ ವ್ಯತ್ಯಾಸವೇನಿಲ್ಲ’ ಅಂತಾರೆ. ಸುಮ್ನೆ ಜಗಳ.

ಮುಂದಿನ ಸಲ ಕಂಬದ ಬದಲು ಪ್ರತಿ ಗುಂಪಿಗೂ ಮೂರು ಅಂಕಿ ಕೊಡಿ: ಕೆಳಗಿನಿಂದ ಶೇ 10ರ ಮಟ್ಟ (100ರಲ್ಲಿ 10 ಮಂದಿ ಇದಕ್ಕಿಂತ ಕೆಳಗೆ), ಮಧ್ಯಮಟ್ಟ, ಶೇ 90ರ ಮಟ್ಟ. ಎಷ್ಟು ಮಂದಿಯನ್ನು ಕೇಳಿ ಬರೆದಿದ್ದು ಅನ್ನುವುದೂ ಇರಲಿ. ಬಣ್ಣದ ಚಿತ್ರಕ್ಕಿಂತ ಕಡಿಮೆ ಜಾಗ ಸಾಕು.

– ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕಿ