ಪಕ್ಕದ ಮನೆಯ ಮೆಂತ್ಯದ ಮಡಿ, ನಿನ್ನ ಎರಡು ಬೆಕ್ಕು

ಚಿ. ಸೌ. ಮಗಳಿಗೆ, ನಿನ್ನ ಕಾಕಾನ ಆಶೀರ್ವಾದಗಳು.

ನೀನು ಕಳಿಸಿದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಪಕ್ಕದ ಮನೆ ಆಯಿ ಕಾಂಪೌಂಡ್ ಗೋಡೆ ಮೇಲಿಂದ ಬೈದದ್ದು, ನೀನು ತಿರುಗಿ ಬೈದದ್ದು, ಕೊನೆಗೆ ಅವರ ಮಗ ಹೊರಗೆ ಬಂದು "ಔಷಧ ಇಡ್ತೀನಿ ನೋಡ್ರಿ" ಅಂದದ್ದು, ಎಲ್ಲಾ ಗೊತ್ತಾಯಿತು. ನೀನು ಹೆದರಿದ್ದೀಯ, ರಾತ್ರಿ ನಿದ್ದೆ ಮಾಡಿಲ್ಲ, ಅದೂ ನಿನ್ನ ದನಿಯಲ್ಲೇ ಕೇಳಿಸಿತು. ಆದರೂ ಮೊದಲ ಮಾತು ನೇರವಾಗಿ ಹೇಳಿಬಿಡುತ್ತೇನೆ, ಸಿಟ್ಟಾಗಬೇಡ. ಆಯಿ ಹೇಳಿದ್ದು ಸರಿ. ಹೇಳಿದ ರೀತಿ ಒರಟು ಇರಬಹುದು, ವಿಷಯ ಸುಳ್ಳಲ್ಲ. ನಿನ್ನ ಬೆಕ್ಕು ಅವರ ಮಡಿಯಲ್ಲಿ ಹೇತು ಬಂದರೆ ಅದು ನಿನ್ನ ಮನೆಯ ಹೊಲಸು, ಬಳಿಯುವ ಕೆಲಸ ನಿನ್ನದು.

"ಮೂಕ ಪ್ರಾಣಿ ಕಾಕಾ, ಅದಕ್ಕೇನು ಗೊತ್ತಾಗುತ್ತೆ" ಅಂದೆ. ಗೊತ್ತಾಗಲ್ಲ, ನಿಜ. ಅದಕ್ಕೆ ಗೊತ್ತಾಗಲ್ಲ ಅಂತಲೇ ಗೊತ್ತಿರುವ ನೀನು ಮುಂದೆ ನಿಲ್ಲಬೇಕು.

ಅವರ ಮಡಿಗೇ ಯಾಕೆ ಹೋಗುತ್ತೆ ಅಂತ ಯೋಚನೆ ಮಾಡಿದ್ದೀಯಾ? ನಿಮ್ಮ ಅಂಗಳ ಪೂರ್ತಿ ಫರಸಿ ಹಾಕಿಸಿದ್ದೀರಿ, ಒಂದು ಹಿಡಿ ಮಣ್ಣಿಲ್ಲ. ಬೆಕ್ಕಿಗೆ ಕೆದರಲು ಸಡಿಲ ಮಣ್ಣು ಬೇಕು, ಮಾಡಿದ್ದನ್ನು ಮುಚ್ಚಲು ಬೇಕು. ಆಯಿ ಮಣ್ಣು ಹದ ಮಾಡಿ, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಬೆರಳಲ್ಲಿ ಗೆರೆ ಎಳೆದು ಮೆಂತ್ಯ ಹಾಕುತ್ತಾರೆ. ಬೆಕ್ಕಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಬೆಳಗ್ಗೆ ಎದ್ದು ನೋಡಿದರೆ ಗೆರೆಯೆಲ್ಲಾ ಅಳಿಸಿ ಹೋಗಿರುತ್ತೆ, ಬೀಜ ಒಂದು ಕಡೆ ಗುಡ್ಡೆ, ನಡುವೆ ಗುಂಡಿ, ಗುಂಡಿಯಲ್ಲಿ ಹೊಲಸು. ಅದನ್ನು ವಯಸ್ಸಾದವರು ಸೊಂಟ ಬಗ್ಗಿಸಿ ಬಳಿಯಬೇಕು. ಒಂದು ಸಲ ಆದರೆ ಬಿಡು, ಮತ್ತೆ ಬಿತ್ತುತ್ತಾರೆ. ಮತ್ತೆ ಅದೇ ಆದರೆ ಯಾರಿಗಾದರೂ ತಲೆ ಕೆಡುತ್ತೆ, ಅಲ್ವಾ?

ಇನ್ನೊಂದು ವಿಷಯ ನಿನಗೆ ಹೊಳೆದಿಲ್ಲ ಅನಿಸುತ್ತೆ. ನಮ್ಮ ಕಡೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇವನ್ನೆಲ್ಲ ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ಕುದಿಸಿ ತಿನ್ನುವ ಸೊಪ್ಪಾದರೆ ಅದರ ಮಾತು ಬೇರೆ. ಹಸಿ ಸೊಪ್ಪಿನ ಮಡಿಯಲ್ಲಿ ಬೆಕ್ಕಿನ ಹೊಲಸು ಬಿದ್ದರೆ ಅದು ಬರೀ ಅಸಹ್ಯದ ಮಾತಲ್ಲ. ಬೆಕ್ಕಿನ ಹೊಲಸಿನಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಜೀವಾಣು ಇರಬಹುದು. ಎಲ್ಲಾ ಬೆಕ್ಕಿನಲ್ಲೂ ಇರಲ್ಲ, ಯಾವಾಗಲೂ ಇರಲ್ಲ. ಇಲಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕಿಗೆ ಅದು ತಗಲುತ್ತೆ, ಆಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಹೊಲಸಿನಲ್ಲಿ ಹೊರಗೆ ಹಾಕುತ್ತೆ. ಆದರೆ ಮಣ್ಣಿಗೆ ಬಿದ್ದದ್ದು ತಿಂಗಳುಗಟ್ಟಲೆ ಉಳಿಯಬಲ್ಲದು. ಗಟ್ಟಿಮುಟ್ಟಾದವರಿಗೆ ತಗಲಿದ್ದೂ ಗೊತ್ತಾಗದೆ ಹೋಗಬಹುದು. ಬಸುರಿಯರಿಗೆ ಹೊಸದಾಗಿ ತಗಲಿದರೆ ಮಾತ್ರ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಆಗಬಹುದು.

ಆಯಿಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ ಅಂತ ನೀನೇ ಹೇಳಿದೆ. ಈಗ ಹೇಳು, ಆಯಿ ಸುಮ್ನೆ ಕಿರುಚಿದರಾ?

ಹಾಗಂತ ಬೆಕ್ಕು ಮನೆಯಲ್ಲಿದ್ದರೆ ರೋಗ ಅಂತ ಯಾರಾದರೂ ಹೆದರಿಸಿದರೆ ಅದನ್ನೂ ನಂಬಬೇಡ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಇದು ಸಾಮಾನ್ಯವಾಗಿ ಬರಲ್ಲ. ಹೊಲಸು ಹೊಸದಾಗಿದ್ದಾಗ ಸೋಂಕು ಹತ್ತಲ್ಲ, ಒಂದರಿಂದ ಐದು ದಿನ ಕಳೆದ ಮೇಲೆ ಹತ್ತುತ್ತೆ. ಅದಕ್ಕೇ ದಿನಾ ಬಳಿಯಬೇಕು. ಬಸುರಿಯರು ಬರಿಗೈಯಲ್ಲಿ ಮಣ್ಣು ಮುಟ್ಟಬಾರದು, ಸೊಪ್ಪನ್ನು ಚೆನ್ನಾಗಿ ತೊಳೆಯಬೇಕು, ಆ ಮಡಿಯದ್ದನ್ನು ಸದ್ಯಕ್ಕೆ ಹಸಿ ತಿನ್ನಬಾರದು. ಇದನ್ನು ನೀನೇ ಹೋಗಿ ಆಯಿಗೆ ಹೇಳು. ಅನುಮಾನ ಇದ್ದರೆ ಮಗಳನ್ನು ನೋಡುವ ಡಾಕ್ಟರನ್ನೇ ಕೇಳಲಿ.

ನಿಮ್ಮಪ್ಪ ನಿನ್ನ ಪರ ಮಾತಾಡುತ್ತಾ "ಹಳೇ ಊರಲ್ಲಿ ಬೆಕ್ಕಿಗೆ ಯಾರು ಲೆಕ್ಕ ಇಟ್ಟಿದ್ದರು" ಅಂದನಂತೆ. ನಿಜ, ಇಟ್ಟಿರಲಿಲ್ಲ. ಹಳೇ ಬಾಗಲಕೋಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಬೆಕ್ಕು ಒಂದು ಮಾಳಿಗೆ ಹತ್ತಿದರೆ ಓಣಿ ಕೊನೆಯ ಮನೆಯಲ್ಲಿ ಇಳಿಯುತ್ತಿತ್ತು. ಎಲ್ಲರ ಮನೆಯಲ್ಲೂ ಜೋಳದ ಚೀಲ, ಎಲ್ಲರಿಗೂ ಇಲಿ ಕಾಟ, ಹಾಗಾಗಿ ಬೆಕ್ಕು ಎಲ್ಲರಿಗೂ ಬೇಕಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು, ಮುಳುಗಡೆ ಆಯಿತು, ಜನ ನವನಗರಕ್ಕೆ ಬಂದರು. ಇಲ್ಲಿ ಸೆಕ್ಟರು, ಸೈಟು, ಸುತ್ತ ಕಾಂಪೌಂಡು. ಇಲಿಯೂ ಕಡಿಮೆ, ಬೆಕ್ಕಿನ ಉಪಕಾರವೂ ಕಡಿಮೆ, ಹೊಲಸು ಮಾತ್ರ ಪಕ್ಕದವರಿಗೆ. ಆಯಿ ಆ ಓಣಿಯಲ್ಲಿ ಹುಟ್ಟಿದ ಮನೆಯನ್ನೇ ಬಿಟ್ಟು ಬಂದವರು. ಈಗ ಅವರ ಕೈಯಲ್ಲಿರೋದು ಆ ನಾಲ್ಕು ಮಾರು ಮಣ್ಣು. ಅದರ ಮೇಲೆ ಅವರಿಗೆ ಜೀವ ಇದ್ದರೆ ತಪ್ಪೇನು?

ನಾಳೆ ಬೆಳಗ್ಗೆ ಅವರ ಮನೆಗೆ ಹೋಗು. ಗೋಡೆ ಮೇಲಿಂದ ಮಾತಾಡಬೇಡ, ಗೇಟು ತೆಗೆದು ಒಳಗೆ ಹೋಗು. ಕೈಗೆ ಕವಚ ಹಾಕಿಕೊಂಡು ಸಣ್ಣ ಸಲಿಕೆ ಹಿಡಿದುಕೊಂಡೇ ಹೋಗು. "ಆಯಿ, ನಮ್ಮ ಬೆಕ್ಕು ಮಾಡಿದ್ದು, ನಾನು ತೆಗೀತೀನಿ" ಅನ್ನು, ಅಷ್ಟೇ ಸಾಕು. "ಆದರೆ ನೀವೂ ಹಾಗೆ ಅನ್ನಬಾರದಿತ್ತು" ಅಂತ ಬಾಲ ಸೇರಿಸಬೇಡ. ಅವರು ಇನ್ನೆರಡು ಮಾತು ಅಂದರೂ ಅನ್ನಲಿ. ಬಳಿದದ್ದನ್ನು ಗಟಾರಕ್ಕೆ ಹಾಕಬೇಡ, ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಡು. ಕೆಟ್ಟ ಬೀಜಕ್ಕೆ ಬದಲು ಬೀಜ ತಂದುಕೊಡು.

ಆಮೇಲೆ ನಿಮ್ಮ ಮನೆಯಲ್ಲೇ ಬೆಕ್ಕಿಗೆ ಜಾಗ ಮಾಡು. ಅಗಲವಾದ, ಹೆಚ್ಚು ಆಳವಿಲ್ಲದ ಪ್ಲಾಸ್ಟಿಕ್ ಟಬ್ಬಿಗೆ ನಾಲ್ಕು ಬೆರಳಷ್ಟು ಉಸುಕು ಹಾಕು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟಬ್ಬು ಜಾಸ್ತಿ ಇರಬೇಕು, ಅಂದರೆ ನಿನಗೆ ಮೂರು. ಊಟದ ತಟ್ಟೆ ಪಕ್ಕ ಇಡಬೇಡ, ಬೆಕ್ಕು ಉಣ್ಣುವ ಕಡೆ ಹೋಗಲ್ಲ. ಆಯಿಯ ಮಡಿಯಿಂದ ಅವು ಕೆದರಿದ ಮಣ್ಣನ್ನೇ ಒಂದು ಹಿಡಿ ತಂದು ಉಸುಕಿನಲ್ಲಿ ಬೆರೆಸು, ವಾಸನೆ ಹಿಡಿದು ಬರುತ್ತವೆ. ದಿನಾ ತೆಗೆಯದಿದ್ದರೆ ಮಾತ್ರ ಮತ್ತೆ ಗೋಡೆ ಹಾರುತ್ತವೆ. ಸಂಜೆ ಹೊತ್ತಾಗುವ ಮುಂಚೆ ಊಟ ಹಾಕಿ ಬಾಗಿಲು ಹಾಕಿಕೋ. ರಾತ್ರಿ ಒಳಗೇ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಗಂಡು ಬೆಕ್ಕಿಗೆ ಆಪರೇಷನ್ ಮಾಡಿಸು. ಅದು ಗೋಡೆಗೆ, ಬಾಗಿಲಿಗೆ ಮೂತ್ರ ಸಿಡಿಸಿ ನಾತ ಹಿಡಿಸೋದು, ರಾತ್ರಿ ಕಾದಾಡಿ ಕೂಗೋದು, ಊರೂರು ತಿರುಗೋದು ಎಲ್ಲಾ ಬಹಳ ಮಟ್ಟಿಗೆ ಕಡಿಮೆ ಆಗುತ್ತೆ. ಹೆಣ್ಣಿಗೂ ಮಾಡಿಸು, ತಡ ಮಾಡಬೇಡ. ಐದಾರು ತಿಂಗಳಾಗುವಷ್ಟರಲ್ಲೇ ಗಬ್ಬ ಕಟ್ಟಬಹುದು, ಎರಡು ತಿಂಗಳಿಗೆ ಮರಿ ಹಾಕುತ್ತೆ, ಆಗ ಮರಿಗಳನ್ನು ಎಲ್ಲಿ ಬಿಡುತ್ತೀ? ದನದ ದವಾಖಾನೆಯಲ್ಲಿ ವಿಚಾರಿಸು, ಹಾಗೇ ರೇಬೀಸ್ ಲಸಿಕೆಯನ್ನೂ ಹಾಕಿಸು. ನಾಯಿಗೆ ಮಾತ್ರ ಅಂದುಕೊಂಡಿರುತ್ತಾರೆ, ಬೆಕ್ಕಿನಿಂದಲೂ ರೇಬೀಸ್ ಬರುತ್ತೆ. ಯಾರಿಗಾದರೂ ಪರಚಿದರೆ, ಕಚ್ಚಿದರೆ, ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಬೇಕು.

ಇನ್ನು ಆ ಔಷಧದ ಮಾತು. ಸಿಟ್ಟಿನಲ್ಲಿ ಅಂದಿದ್ದಾನೆ, ಈಗ ಅದಕ್ಕೆ ಉತ್ತರ ಕೊಡಬೇಡ. ಕಾನೂನು ನಿನ್ನ ಕಡೆ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಬೆಕ್ಕಿಗೆ ವಿಷ ಇಡೋದು ಅಪರಾಧ. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಬೇರೆಯವರ ಪ್ರಾಣಿಗೆ ವಿಷ ಹಾಕಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಇದನ್ನು ಹಿಡಿದುಕೊಂಡು ಗೇಟಿಗೆ ಹೋದರೆ ಇಪ್ಪತ್ತು ವರ್ಷ ಪಕ್ಕಪಕ್ಕ ಮುಖ ತಿರುಗಿಸಿಕೊಂಡು ಬದುಕಬೇಕಾಗುತ್ತೆ. ಮಡಿ ಬಳಿದ ಮೇಲೆ, ಮಾತು ಸಲೀಸಾದ ಮೇಲೆ, ಅವನಿಗೆ ಮೆಲ್ಲಗೆ ಹೇಳು: "ಅಣ್ಣಾ, ಔಷಧ ಇಟ್ಟರೆ ಬೆಕ್ಕೇ ತಿನ್ನುತ್ತೆ ಅಂತಿಲ್ಲ, ಓಣಿಯ ಮಕ್ಕಳೂ ಆಡುತ್ತವೆ." ಬಟ್ಟೆಯಲ್ಲಿಡುವ ನಾಫ್ತಲೀನ್ ಗುಳಿಗೆ ಚೆಲ್ಲೋದು, ಫಿನೈಲ್ ಸುರಿಯೋದು, ಇವೂ ಬೆಕ್ಕಿಗೆ ವಿಷವೇ, ಮಕ್ಕಳ ಬಾಯಿಗೆ ಹೋದರೆ ಅವರಿಗೂ ವಿಷವೇ. ಅದನ್ನೂ ಹೇಳು.

ನಿನ್ನ ಸ್ಟೇಟಸ್‌ನಲ್ಲಿ "ಕಲ್ಲು ಮನಸ್ಸಿನ ಜನ" ಅಂತ ಹಾಕಿದ್ದೀಯಲ್ಲ, ಅದನ್ನು ಈ ಪತ್ರ ಓದಿದ ಕೂಡಲೇ ತೆಗೆ. ಓಣಿಯವರೆಲ್ಲ ನೋಡಿರುತ್ತಾರೆ, ಯಾರಿಗೆ ಹಾಕಿದ್ದು ಅಂತಲೂ ಗೊತ್ತಿರುತ್ತೆ. ಆಯಿಗೆ ಫೋನ್ ನೋಡಲು ಬರದಿದ್ದರೂ ಮಗಳು ತೋರಿಸಿರುತ್ತಾಳೆ.

ಮಡಿ ಕಾಯಲು ಕೋಳಿ ಜಾಳಿಗೆಯೇ ಒಳ್ಳೇದು. ಬಿತ್ತಿದ ಮೇಲೆ ಮಣ್ಣಿನ ಮೇಲೆ ಹಾಸಿ ನಾಲ್ಕೂ ಕಡೆ ಕಲ್ಲಿಟ್ಟರೆ ಸಾಕು. ಮೆಂತ್ಯ ಜಾಳಿಗೆಯ ಕಣ್ಣುಗಳಿಂದ ಮೇಲೆ ಬರುತ್ತೆ, ಬೆಕ್ಕಿಗೆ ಕೆದರಲು ಆಗಲ್ಲ. ಅದು ಸಿಗುವ ತನಕ ತೊಗರಿ ಕಟ್ಟಿಗೆಯನ್ನು ಅಡ್ಡಡ್ಡ ಹರವಿದರೂ ನಡೆಯುತ್ತೆ. ಹೊಲದಲ್ಲಿ ಬೇಕಾದಷ್ಟು ಬಿದ್ದಿದೆ, ಎಳ್ಳಮವಾಸ್ಯೆಗೆ ಬರುವಾಗ ಒಂದು ಹೊರೆ ಕಟ್ಟಿಕೊಂಡು ಬರುತ್ತೇನೆ. ಜಾಳಿಗೆಯನ್ನು ಇಲ್ಲೇ ಕೊಳ್ಳುತ್ತೇನೆ, ದುಡ್ಡಿನ ಮಾತು ಬೇಡ. ಆಯಿಯನ್ನು ಕೇಳಿ ಮಡಿಯ ಉದ್ದ ಅಗಲ ಎಷ್ಟಿದೆ ಅಂತ ಅಳೆದು ಕಳಿಸು.

ನಿನ್ನ ಕಾಕಾ